ಅಧಿಗಣಿತ: ಒಂದು ಪದದ ಚರಿತ್ರೆ

ಹಾಸ್ಯಕ್ಕೆಂದು ಇಟ್ಟ ಹೆಸರು ಬಿರುದಾಗಿ ಉಳಿದುಬಿಡುವುದು ಲೋಕದಲ್ಲಿ ಅಪರೂಪವಲ್ಲ. ಶಾಸ್ತ್ರಗಳ ಚರಿತ್ರೆಯಲ್ಲಿಯೂ ಅಂಥ ಹೆಸರುಗಳುಂಟು. ಗಣಿತದ ತಳಹದಿಯನ್ನು ಪರೀಕ್ಷಿಸುವ ಶಾಸ್ತ್ರಕ್ಕೆ ಯೂರೋಪಿನ ಭಾಷೆಗಳಲ್ಲಿ ಸಲ್ಲುವ 'ಮೆಟಾಮ್ಯಾಥಮ್ಯಾಟಿಕ್ಸ್' ಎಂಬುದು ಅಂಥದೊಂದು ಪದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಚುಚ್ಚುಮಾತಾಗಿತ್ತು. 1922ರಲ್ಲಿ ಅದು ಒಂದು ಹೊಸ ಶಾಸ್ತ್ರದ ಹೆಸರಾಯಿತು. ಅಲ್ಲಿಂದ ಒಂಬತ್ತು ವರ್ಷಗಳೊಳಗೆ ಆ ಶಾಸ್ತ್ರವೇ ತನ್ನ ಮಿತಿಯನ್ನು ತಾನು ಕಂಡುಕೊಂಡಿತು. ಈ ಪದದ ಕಥೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಇದಕ್ಕೆ ಗಣಿತದ ಸಂಕೇತಗಳ ಪರಿಚಯ ಬೇಕಾಗಿಲ್ಲ. ಪದದ ಬೆನ್ನು ಹಿಡಿದು ನಡೆದರೆ ಸಾಕು.

ಮೊದಲು 'ಮೆಟಾ' ಎಂಬ ಪೂರ್ವಪದವನ್ನು ನೋಡೋಣ. ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಅರ್ಥಗಳಲ್ಲಿ 'ನಂತರ' ಎಂಬುದು ಒಂದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಡ್ಸ್ ದ್ವೀಪದ ಆಂಡ್ರೊನಿಕಸ್ ಎಂಬ ವಿದ್ವಾಂಸನು ಅರಿಸ್ಟಾಟಲನ ಬರಹಗಳನ್ನು ಜೋಡಿಸಿದಾಗ, ಪರತತ್ತ್ವವನ್ನು ಕುರಿತ ಭಾಗಗಳನ್ನು ಭೌತಶಾಸ್ತ್ರದ ಭಾಗಗಳಾದ ಮೇಲೆ ಇಟ್ಟನೆಂದೂ, 'ಭೌತಶಾಸ್ತ್ರದ ನಂತರದವು' ಎಂಬ ಅರ್ಥದಲ್ಲಿ ಅವಕ್ಕೆ 'ಮೆಟಾಫಿಸಿಕ್ಸ್' ಎಂಬ ಹೆಸರು ಬಂದಿತೆಂದೂ ಪರಂಪರೆ ಹೇಳುತ್ತದೆ. ಕಪಾಟಿನಲ್ಲಿ ಸುರುಳಿಗಳನ್ನಿಟ್ಟ ಕ್ರಮಕ್ಕಿಂತ ಹೆಚ್ಚಿನ ಅರ್ಥ ಅದರಲ್ಲಿರಲಿಲ್ಲ. ಆದರೆ ಆ ಗ್ರಂಥದ ವಿಷಯ ಘನವಾದುದು. ಓದಿದವರು ಕಾಲಕ್ರಮದಲ್ಲಿ 'ನಂತರದ್ದು' ಎಂಬುದನ್ನು 'ಆಚೆಯದು' ಎಂದು ಅರ್ಥಮಾಡಿಕೊಂಡರು. ಭೌತಜಗತ್ತನ್ನು ಮೀರಿದುದು, ಇಂದ್ರಿಯಗಳಿಗೆ ಎಟುಕದುದು ಮೆಟಾಫಿಸಿಕ್ಸ್ ಆಯಿತು.

ನಮ್ಮ ಉಪಸರ್ಗಗಳ ಮೂಲಕ ಹೇಳುವುದಾದರೆ, 'ಅನು' ಎಂಬುದು 'ಅತಿ' ಆಯಿತು. 'ಅನುಗಮನ'ದಲ್ಲಿರುವ ಅನು ಹಿಂದೆ ಬರುವುದನ್ನು ತಿಳಿಸುತ್ತದೆ. 'ಅತೀಂದ್ರಿಯ'ದಲ್ಲಿರುವ ಅತಿ ಮೀರಿ ನಿಲ್ಲುವುದನ್ನು. ಮೀರಿ ನಿಂತದ್ದರ ಬಗ್ಗೆ ಜನರಿಗೆ ಗೌರವವೂ ಇರುತ್ತದೆ, ಅನುಮಾನವೂ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಲ್ಲಿ ಅನುಮಾನವೇ ಹೆಚ್ಚಾಗಿತ್ತು.

ನಮ್ಮ ಪದ ಹುಟ್ಟಿದ್ದು ಆ ಅನುಮಾನದಲ್ಲಿ. ಒಂದು ಸರಳರೇಖೆಗೆ ಅದರ ಹೊರಗಿನ ಒಂದು ಬಿಂದುವಿನ ಮೂಲಕ ಒಂದೇ ಒಂದು ಸಮಾನಾಂತರ ರೇಖೆಯನ್ನು ಎಳೆಯಬಹುದೆಂಬುದನ್ನು ಯೂಕ್ಲಿಡನ ಕಾಲದಿಂದಲೂ ಎಲ್ಲರೂ ನಂಬಿದ್ದರು. ರಷ್ಯದ ಲೊಬಚೆವ್‌ಸ್ಕಿ 1829ರಲ್ಲಿ, ಹಂಗೆರಿಯ ಬೋಯಾಯ್ 1832ರಲ್ಲಿ, ಅಂಥ ರೇಖೆಗಳನ್ನು ಅನೇಕವಾಗಿ ಎಳೆಯಬಹುದಾದ ಬೇರೊಂದು ರೇಖಾಗಣಿತವನ್ನು ಪ್ರಕಟಿಸಿದರು. ಕಣ್ಣಿಗೆ ಕಾಣುವ ಅವಕಾಶವನ್ನು ಬಿಟ್ಟು ಮನಸ್ಸಿನ ಅವಕಾಶದಲ್ಲಿ ವಿಹರಿಸುವ ಈ ವಿದ್ಯೆ ಹಲವರಿಗೆ ಹಿಡಿಸಲಿಲ್ಲ. 'ಮೆಟಾಫಿಸಿಕ್ಸ್' ಎಂಬ ಮಾತಿನ ಅಚ್ಚಿನಲ್ಲಿಯೇ ಎರಕ ಹೊಯ್ದು, ಇದು 'ಮೆಟಾಮ್ಯಾಥಮ್ಯಾಟಿಕ್ಸ್' ಎಂದು ಅವರು ನಕ್ಕರು. ಗಣಿತದ ವೇಷ ಹಾಕಿದ ವೇದಾಂತ ಎಂದು ನಾವು ಅಂದಂತೆ. ಈ ಹೆಸರು ವಿರೋಧಿಗಳು ವ್ಯಂಗ್ಯವಾಗಿ ಕೊಟ್ಟದ್ದೆಂದೂ, ಆದರೂ ಹೊಸ ರೇಖಾಗಣಿತದವರು ಅದನ್ನು ಧಾರಾಳವಾಗಿ ಸ್ವೀಕರಿಸಬಹುದೆಂದೂ 1870ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬರೆದನು.

ಚುಚ್ಚುಮಾತಿನಲ್ಲಿ ಒಂದು ಸತ್ಯ ತಿಳಿಯದೆ ಸೇರಿಕೊಂಡಿತ್ತು. 1868ರಲ್ಲಿ ಇಟಲಿಯ ಬೆಲ್ಟ್ರಾಮಿ ಹೊಸ ರೇಖಾಗಣಿತಕ್ಕೆ ಹಳೆಯ ರೇಖಾಗಣಿತದೊಳಗೇ ಒಂದು ಪ್ರತಿರೂಪವನ್ನು ಕಟ್ಟಿ ತೋರಿಸಿದ್ದನು. ಹೊಸದರಲ್ಲಿ ಪರಸ್ಪರ ವಿರೋಧವಿದ್ದರೆ ಅದು ಹಳೆಯದರಲ್ಲಿಯೂ ಇರಲೇಬೇಕು. ಹಳೆಯದು ನಿಂತರೆ ಹೊಸದೂ ನಿಲ್ಲುತ್ತದೆ ಎಂಬುದು ಇದರ ತಾತ್ಪರ್ಯ. ಗಮನಿಸಿ: ಇದು ತ್ರಿಕೋನ ವೃತ್ತಗಳನ್ನು ಕುರಿತ ಪ್ರಮೇಯವಲ್ಲ, ರೇಖಾಗಣಿತವೆಂಬ ಶಾಸ್ತ್ರವನ್ನೇ ಕುರಿತ ಪ್ರಮೇಯ. ಗಣಿತ ತನ್ನ ಕಡೆಗೆ ತಿರುಗಿ ನೋಡಲಾರಂಭಿಸಿತ್ತು.

ಆ ನೋಟಕ್ಕೆ ಒಂದು ಶಿಸ್ತನ್ನೂ ಹೆಸರನ್ನೂ ಕೊಟ್ಟವನು ದಾವಿದ್ ಹಿಲ್ಬರ್ಟ್. 1862ರಲ್ಲಿ, ಆಗ ಪ್ರಷ್ಯಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್ ಸೀಮೆಯಲ್ಲಿ ಹುಟ್ಟಿ, 1895ರಿಂದ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದವನು. ಬಿಂದು, ರೇಖೆ, ಸಮತಲ ಎನ್ನುವ ಬದಲು ಮೇಜು, ಕುರ್ಚಿ, ಬಿಯರ್ ಲೋಟ ಎಂದರೂ ರೇಖಾಗಣಿತ ಕೆಡಬಾರದು ಎಂದು ಅವನು ಬರ್ಲಿನ್ನಿನ ರೈಲು ನಿಲ್ದಾಣದಲ್ಲಿ ಗೆಳೆಯರಿಗೆ ಹೇಳಿದನೆಂದು ಅವನ ಶಿಷ್ಯ ಬ್ಲೂಮೆಂಥಾಲ್ ಬರೆದಿಟ್ಟಿದ್ದಾನೆ. ಪದಗಳು ಏನನ್ನು ಹೆಸರಿಸುತ್ತವೆ ಎಂಬುದು ಮುಖ್ಯವಲ್ಲ, ಅವುಗಳ ನಡುವಣ ಸಂಬಂಧ ಮುಖ್ಯ ಎಂಬುದು ಆ ವಿನೋದದ ತಿರುಳು. 1899ರಲ್ಲಿ ಅವನು ರೇಖಾಗಣಿತದ ತಳಹದಿಯನ್ನು ಕುರಿತು ಬರೆದ ಪುಸ್ತಕದಲ್ಲಿ, ಅಂಕಗಣಿತದಲ್ಲಿ ವಿರೋಧವಿಲ್ಲದಿದ್ದರೆ ರೇಖಾಗಣಿತದಲ್ಲಿಯೂ ವಿರೋಧವಿಲ್ಲವೆಂದು ಸಾಧಿಸಿದನು. ಹೊಸ ಮನೆಗೆ ಹಳೆಯ ಮನೆ ಜಾಮೀನು. ಹಳೆಯ ಮನೆಗೆ ಅಂಕಗಣಿತ ಜಾಮೀನು. ಹಾಗಾದರೆ ಅಂಕಗಣಿತಕ್ಕೆ ಯಾರು ಜಾಮೀನು? 1900ರಲ್ಲಿ ಪ್ಯಾರಿಸ್ಸಿನ ಗಣಿತ ಸಮ್ಮೇಳನದಲ್ಲಿ ಹೊಸ ಶತಮಾನಕ್ಕೆಂದು ಅವನು ಮುಂದಿಟ್ಟ ಸಮಸ್ಯೆಗಳಲ್ಲಿ ಎರಡನೆಯದು ಈ ಪ್ರಶ್ನೆಯೇ.

ಪ್ರಶ್ನೆ ಬೇಗನೆ ಗಂಭೀರವಾಯಿತು. 1902ರ ಜೂನ್ 16ರಂದು ಬರ್ಟ್ರಂಡ್ ರಸೆಲ್ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗನಿಗೆ ಒಂದು ಕಾಗದ ಬರೆದನು. ಅಂಕಗಣಿತವನ್ನು ಶುದ್ಧ ತರ್ಕದ ಮೇಲೆ ನಿಲ್ಲಿಸುವ ಫ್ರೇಗನ ಮಹಾಗ್ರಂಥದ ಎರಡನೆಯ ಸಂಪುಟ ಆಗ ಅಚ್ಚಿನಲ್ಲಿತ್ತು. ರಸೆಲ್ ತೋರಿಸಿದ ತೊಡಕನ್ನು ಗ್ರಂಥಭಂಡಾರದ ಭಾಷೆಯಲ್ಲಿ ಹೀಗೆ ಹೇಳಬಹುದು. ಕೆಲವು ಗ್ರಂಥಸೂಚಿಗಳು ತಮ್ಮ ಹೆಸರನ್ನೂ ತಮ್ಮೊಳಗೆ ನಮೂದಿಸಿಕೊಳ್ಳುತ್ತವೆ, ಕೆಲವು ನಮೂದಿಸಿಕೊಳ್ಳುವುದಿಲ್ಲ. ತಮ್ಮನ್ನು ನಮೂದಿಸಿಕೊಳ್ಳದ ಸೂಚಿಗಳನ್ನೆಲ್ಲ, ಅವನ್ನು ಮಾತ್ರ, ಪಟ್ಟಿ ಮಾಡುವ ಒಂದು ಮಹಾಸೂಚಿಯನ್ನು ಮಾಡಲು ಹೊರಡಿ. ಅದರಲ್ಲಿ ಅದರದೇ ಹೆಸರು ಇರಬೇಕೆ, ಬೇಡವೆ? ಇದ್ದರೆ ಇರಕೂಡದು, ಇಲ್ಲದಿದ್ದರೆ ಇರಬೇಕು. ಅಂಥ ಸೂಚಿ ಇರಲಾರದೆಂದು ಗ್ರಂಥಪಾಲಕರು ಕೈಬಿಡಬಹುದು. ಫ್ರೇಗನಿಗೆ ಅದು ಸಾಧ್ಯವಿರಲಿಲ್ಲ. ಯಾವ ಗುಣವನ್ನು ಹೆಸರಿಸಿದರೂ ಆ ಗುಣವುಳ್ಳವುಗಳ ಗಣವೊಂದು ಉಂಟೆಂಬುದು ಅವನ ಕಟ್ಟಡದ ಆಧಾರವಾಗಿತ್ತು. 1903ರಲ್ಲಿ ಹೊರಬಂದ ಸಂಪುಟದ ಕೊನೆಗೆ ಅವನು ಆ ಅನಾಹುತವನ್ನು ತಾನೇ ಒಪ್ಪಿಕೊಂಡು ಅನುಬಂಧ ಬರೆಯಬೇಕಾಯಿತು. ಇನ್ನೊಂದು ಕಡೆಯಿಂದ ಡಚ್ ಗಣಿತಜ್ಞ ಬ್ರೌವರ್, ಅನಂತವಾದ ಸಮೂಹಗಳ ವಿಷಯದಲ್ಲಿ 'ಉಂಟು ಅಥವಾ ಇಲ್ಲ, ಮೂರನೆಯದಿಲ್ಲ' ಎಂಬ ತರ್ಕವನ್ನೇ ನಂಬಲಾಗದೆಂದನು. ಹಿಲ್ಬರ್ಟನ ಶಿಷ್ಯ ಹರ್ಮನ್ ವೈಲ್ 1921ರಲ್ಲಿ ಗುರುವನ್ನು ಬಿಟ್ಟು ಬ್ರೌವರನ ಪಕ್ಷ ಹಿಡಿದು, ಗಣಿತದ ತಳಹದಿಯಲ್ಲಿ ಹೊಸ ಬಿಕ್ಕಟ್ಟು ಒದಗಿದೆಯೆಂದು ಸಾರಿದನು.

ಹಿಲ್ಬರ್ಟ್ ಕೊಟ್ಟ ಉತ್ತರ 1922ರಲ್ಲಿ ಅಚ್ಚಾಯಿತು. ಗಣಿತವನ್ನು ಎರಡು ಅಂತಸ್ತುಗಳಾಗಿ ಬಿಡಿಸಬೇಕು ಎಂಬುದು ಅವನ ಉಪಾಯ. ಕೆಳಗಿನ ಅಂತಸ್ತಿನಲ್ಲಿ ನಮ್ಮ ಎಂದಿನ ಗಣಿತವೆಲ್ಲ ಇರುತ್ತದೆ; ಆದರೆ ಅದನ್ನು ಅರ್ಥವಿಲ್ಲದ ಚಿಹ್ನೆಗಳ ಸಾಲುಗಳೆಂದೂ, ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಲು ಗೊತ್ತಾದ ನಿಯಮಗಳೆಂದೂ ಎಣಿಸಬೇಕು. ಮೇಲಿನ ಅಂತಸ್ತಿನಲ್ಲಿ ನಿಂತು ಆ ಸಾಲುಗಳನ್ನು ನೋಡುತ್ತ ಅವುಗಳ ಬಗ್ಗೆ ಅರ್ಥವುಳ್ಳ ಮಾತನಾಡಬೇಕು. ಈ ಮೇಲಿನ ಅಂತಸ್ತಿಗೆ ಹಿಲ್ಬರ್ಟ್ ಇಟ್ಟ ಹೆಸರು 'ಮೆಟಾಮಥೆಮಾಟಿಕ್'. ಐವತ್ತು ವರ್ಷ ಹಿಂದಿನ ಚುಚ್ಚುಮಾತು ಶಾಸ್ತ್ರನಾಮವಾಯಿತು. ಅರ್ಥವೂ ಬದಲಾಯಿತು. ಇಲ್ಲಿ 'ಮೆಟಾ' ಎಂದರೆ ನಂತರವೂ ಅಲ್ಲ, ಆಚೆಯೂ ಅಲ್ಲ. 'ಕುರಿತು' ಎಂದು ಅರ್ಥ. ಗಣಿತವನ್ನು ಕುರಿತ ಮಾತು.

ವ್ಯಾಕರಣ ಓದಿದವರಿಗೆ ಈ ಭೇದ ಹೊಸದೆನಿಸಲಾರದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಭಾಷೆಯ ರೂಪಗಳನ್ನು ವಿಧಿಸುವ ಸೂತ್ರಗಳಲ್ಲದೆ, ಆ ಸೂತ್ರಗಳನ್ನು ಹೇಗೆ ತಿಳಿಯಬೇಕೆಂದು ಹೇಳುವ ಪರಿಭಾಷಾಸೂತ್ರಗಳೂ ಇವೆ. ವ್ಯಾಕರಣದಲ್ಲಿ ಹೇಳಿದ ಶಬ್ದ, ಅದು ಪಾರಿಭಾಷಿಕ ಸಂಜ್ಞೆಯಾಗಿಲ್ಲದಿದ್ದರೆ, ತನ್ನ ಅರ್ಥವನ್ನಲ್ಲ, ತನ್ನ ರೂಪವನ್ನೇ ಸೂಚಿಸುತ್ತದೆಂದು ಅಲ್ಲಿ ಒಂದು ಸೂತ್ರವಿದೆ. 'ಅಗ್ನಿ'ಗೆ ಪ್ರತ್ಯಯ ಸೇರಿ 'ಆಗ್ನೇಯ' ಆಗುತ್ತದೆಂದರೆ, ಪ್ರತ್ಯಯ ಹತ್ತುವುದು ಪದಕ್ಕೆ, ಉರಿಯುವ ಕೆಂಡಕ್ಕಲ್ಲ. ಪಾಣಿನಿ ಅಧಿಗಣಿತವನ್ನು ರಚಿಸಿದನೆಂದು ಇದರಿಂದ ಹೇಳಬಾರದು. ಅವನ ವಿಷಯ ಭಾಷೆ. ಆದರೆ ವಸ್ತುವನ್ನು ಕುರಿತ ಮಾತು ಬೇರೆ, ಮಾತನ್ನು ಕುರಿತ ಮಾತು ಬೇರೆ ಎಂಬ ಎಚ್ಚರ ಎರಡೂ ಕಡೆ ಒಂದೇ.

ಈ ಎಚ್ಚರದಿಂದ ಏನು ಪ್ರಯೋಜನ ಎಂಬುದಕ್ಕೆ ವೈಲ್ ಕೊಟ್ಟ ಚದುರಂಗದ ದೃಷ್ಟಾಂತ ಸೊಗಸಾಗಿದೆ. ಆಟಗಾರನು ಕಾಯಿಗಳನ್ನು ನಡೆಸುತ್ತಾನೆ, ಅದು ಗಣಿತ. ಪಕ್ಕದಲ್ಲಿ ಕುಳಿತವನು ಆಟವಾಡದೆ ಒಂದು ಮಾತು ಹೇಳುತ್ತಾನೆ: 'ನಿಯಮಬದ್ಧವಾದ ಯಾವ ಆಟದಲ್ಲಿಯೂ ಒಂದೇ ಬಣ್ಣದ ಹತ್ತು ರಾಣಿಗಳು ಹಲಗೆಯ ಮೇಲೆ ಇರಲಾರವು.' ಇದನ್ನು ತಿಳಿಯಲು ಅವನು ಆಗಬಹುದಾದ ಆಟಗಳನ್ನೆಲ್ಲ ಆಡಿ ನೋಡಬೇಕಾಗಿಲ್ಲ. ಆರಂಭದಲ್ಲಿ ಒಂದು ಪಕ್ಷದ ಕಾಲಾಳುಗಳು ಎಂಟು, ರಾಣಿ ಒಂದು, ಒಟ್ಟು ಒಂಬತ್ತು. ಕಾಲಾಳು ಕೊನೆಯ ಮನೆ ಮುಟ್ಟಿ ರಾಣಿಯಾದರೆ ಒಂದು ಹೋಗಿ ಇನ್ನೊಂದು ಬರುತ್ತದೆ. ಯಾವ ನಡೆಯಿಂದಲೂ ಈ ಒಟ್ಟು ಮೊತ್ತ ಹೆಚ್ಚುವಂತಿಲ್ಲ. ಆದುದರಿಂದ ಹತ್ತು ಅಸಾಧ್ಯ. ಆಟಗಳಿಗೆ ಲೆಕ್ಕವಿಲ್ಲ, ವಾದ ಮಾತ್ರ ನಾಲ್ಕು ವಾಕ್ಯ. ಹಿಲ್ಬರ್ಟನ ಆಸೆ ಇದೇ ಬಗೆಯದು. ಗಣಿತದ ಚಿಹ್ನೆಗಳ ಆಟದಲ್ಲಿ 'ಸೊನ್ನೆ ಒಂದಕ್ಕೆ ಸಮ' ಎಂಬ ಸಾಲು ಎಂದಿಗೂ ಬಾರದೆಂದು, ಹೀಗೆಯೇ ಸಣ್ಣದಾದ, ಕಣ್ಣಿಗೆ ಕಾಣುವ, ಅನಂತದ ಹಂಗಿಲ್ಲದ ವಾದದಿಂದ ತೋರಿಸಬೇಕು. ತೋರಿಸಿಬಿಟ್ಟರೆ ರಸೆಲನ ಭಯವೂ ಇಲ್ಲ, ಬ್ರೌವರನ ನಿಷೇಧವೂ ಇಲ್ಲ. ಅನಂತವನ್ನು ಕುರಿತ ವೈಭವವೆಲ್ಲ ಕೆಳಗಿನ ಅಂತಸ್ತಿನಲ್ಲಿ ನಿರ್ಭಯವಾಗಿ ಉಳಿಯುತ್ತದೆ. ಮೇಲಿನ ಅಂತಸ್ತಿನಲ್ಲಿ ಯಾರೂ ಸಂದೇಹಿಸಲಾರದ ಒಬ್ಬ ಸರಳ ಕಾವಲುಗಾರ ಇರುತ್ತಾನೆ.

ಈ ಆಸೆ ಅವಿವೇಕದ್ದೆಂದು ಆಗ ಯಾರಿಗೂ ತೋರಲಿಲ್ಲ. ಗುಣಾಕಾರವಿಲ್ಲದೆ ಸಂಕಲನ ಮಾತ್ರವಿರುವ ಅಂಕಗಣಿತದ ಎಲ್ಲ ಪ್ರಶ್ನೆಗಳನ್ನೂ ನಿಯಮದ ಮೂಲಕ ತೀರ್ಮಾನಿಸಬಹುದೆಂದು 1929ರಲ್ಲಿ ವಾರ್ಸಾದ ಯುವಕ ಪ್ರೆಸ್‌ಬರ್ಗರ್ ತೋರಿಸಿದನು. ಇನ್ನೊಂದು ಹೆಜ್ಜೆ ಇಟ್ಟರೆ ಗುರಿ ಸಿಕ್ಕಿತೆಂದೇ ಅನ್ನಿಸುತ್ತಿತ್ತು.

1930ರ ಸೆಪ್ಟೆಂಬರಿನಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ನಡೆದುದು ಶಾಸ್ತ್ರಚರಿತ್ರೆಯ ವಿಚಿತ್ರ ಸಂಧಿಗಳಲ್ಲೊಂದು. ಆ ವರ್ಷ ಹಿಲ್ಬರ್ಟ್ ನಿವೃತ್ತನಾಗಿದ್ದನು; ಅವನ ಹುಟ್ಟೂರು ಅವನಿಗೆ ಗೌರವ ಪೌರತ್ವವನ್ನು ಕೊಟ್ಟಿತು. 8ನೆಯ ತಾರೀಖು ಅವನು ಅಲ್ಲಿ ಭಾಷಣ ಮಾಡಿದನು; ಅದರ ಕೊನೆಯ ಭಾಗವನ್ನು ಬಾನುಲಿಯಲ್ಲಿಯೂ ಓದಿದನು. ನಾಲ್ಕು ನಿಮಿಷಗಳ ಆ ಪ್ರಸಾರದ ಮುದ್ರಿಕೆ ಇಂದಿಗೂ ಕೇಳಸಿಗುತ್ತದೆ. ನಮಗೆ ಎಂದೆಂದಿಗೂ ತಿಳಿಯಲಾಗದುದು ಎಂಬುದಿಲ್ಲ, ನಾವು ತಿಳಿಯಲೇಬೇಕು, ತಿಳಿದೇ ತಿಳಿಯುತ್ತೇವೆ ಎಂಬ ಭಾವದಲ್ಲಿ ಆ ಮುದುಕನ ದನಿ ಮುಗಿಯುತ್ತದೆ. ಅದರ ಹಿಂದಿನ ದಿನ, ಅದೇ ಊರಿನಲ್ಲಿ, ಬೇರೊಂದು ಚಿಕ್ಕ ಗೋಷ್ಠಿಯ ಕೊನೆಯ ಚರ್ಚೆಯಲ್ಲಿ, ವಿಯೆನ್ನಾದಿಂದ ಬಂದಿದ್ದ ಇಪ್ಪತ್ತನಾಲ್ಕು ವರ್ಷದ ಕುರ್ಟ್ ಗೋಡೆಲ್ ಮೆಲುದನಿಯವನು, ಕೆಲವೇ ವಾಕ್ಯಗಳನ್ನು ಹೇಳಿ ಕುಳಿತಿದ್ದನು. ಸಭೆಯಲ್ಲಿ ಅದರ ಮಹತ್ವವನ್ನು ಕೂಡಲೆ ಹಿಡಿದವನು ಫಾನ್ ನಾಯ್ಮನ್ ಒಬ್ಬನೇ ಎನ್ನುತ್ತಾರೆ.

ಗೋಡೆಲ್ ಮಾಡಿದ್ದು ಇಷ್ಟು. ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟನು. ಚಿಹ್ನೆಗಳ ಸಾಲಿಗೂ, ಸಾಲುಗಳಿಂದಾದ ಸಾಧನೆಗೂ ಒಂದೊಂದು ಸಂಖ್ಯೆ ಬಂದಿತು. ಹೀಗಾದಾಗ 'ಈ ಸಾಲಿಗೆ ಸಾಧನೆ ಉಂಟು' ಎಂಬ ಮೇಲಂತಸ್ತಿನ ಮಾತು, ಇಂಥ ಸಂಖ್ಯೆಗೆ ಇಂಥ ಗುಣ ಉಂಟು ಎಂಬ ಕೆಳಂತಸ್ತಿನ ಮಾತಾಗಿಬಿಡುತ್ತದೆ. ಅಂಕಗಣಿತವನ್ನು ಕುರಿತು ಹೊರಗಿನಿಂದ ಆಡಿದ ಮಾತನ್ನು ಅಂಕಗಣಿತ ಒಳಗಿನಿಂದಲೇ ಆಡಬಲ್ಲದು. ಆ ಶಕ್ತಿಯಿಂದಲೇ 'ನನಗೆ ಸಾಧನೆ ಇಲ್ಲ' ಎಂದು ತನ್ನನ್ನೇ ಕುರಿತು ಹೇಳುವ ವಾಕ್ಯವೊಂದನ್ನು ಅವನು ಕಟ್ಟಿದನು. ಅದನ್ನು ಸಾಧಿಸಿದರೆ ಸುಳ್ಳನ್ನು ಸಾಧಿಸಿದಂತೆ. ಆದುದರಿಂದ ವಿರೋಧವಿಲ್ಲದ ವ್ಯವಸ್ಥೆಯಲ್ಲಿ ಅದಕ್ಕೆ ಸಾಧನೆ ಇರದು. ಇರದೆಂದ ಮೇಲೆ ಅದು ಹೇಳುತ್ತಿರುವುದು ನಿಜ. 1931ರಲ್ಲಿ ಪ್ರಕಟವಾದ ಆ ಲೇಖನದ ಎರಡನೆಯ ಫಲ ಇನ್ನೂ ತೀಕ್ಷ್ಣ: ಇಂಥ ವ್ಯವಸ್ಥೆ ವಿರೋಧವಿಲ್ಲದ್ದಾಗಿದ್ದರೆ, ತನ್ನಲ್ಲಿ ವಿರೋಧವಿಲ್ಲವೆಂಬುದನ್ನು ತಾನೇ ಸಾಧಿಸಲಾರದು. ಇಡೀ ವ್ಯವಸ್ಥೆಗೆ ಆಗದ ಕೆಲಸ, ಅದರ ಒಂದು ಸಣ್ಣ ಭಾಗವೆಂದೇ ತೋರುವ ಹಿಲ್ಬರ್ಟನ ಸರಳ ಕಾವಲುಗಾರನಿಗೆ ಹೇಗೆ ಆದೀತು?

ಇದನ್ನು ಯೋಚಿಸುವಾಗ ನನಗೆ ನಮ್ಮ ಕವಿರಾಜಮಾರ್ಗ ನೆನಪಾಗುತ್ತದೆ. ಅದು ಕಾವ್ಯವಲ್ಲ, ಕಾವ್ಯವನ್ನು ಕುರಿತ ಶಾಸ್ತ್ರ. ಆದರೆ ಆ ಶಾಸ್ತ್ರವೂ ಪದ್ಯದಲ್ಲಿಯೇ ಇದೆ; ಯಾವ ದೋಷಗಳನ್ನು ಅದು ಎಣಿಸುತ್ತದೆಯೋ ಅವುಗಳ ಪರೀಕ್ಷೆಗೆ ಅದರ ಪದ್ಯಗಳೂ ಒಳಪಟ್ಟಿವೆ. ಕಾವ್ಯಮೀಮಾಂಸಕನಿಗೆ ನಿಲ್ಲಲು ಭಾಷೆಯ ಹೊರಗೆ ಸ್ಥಳವಿಲ್ಲ. ಗಣಿತಮೀಮಾಂಸಕನಿಗೂ ಗಣಿತದ ಹೊರಗೆ ನಿಲ್ಲಲು ಸ್ಥಳವಿಲ್ಲವೆಂದು ಗೋಡೆಲ್ ತೋರಿಸಿದನೆಂದರೆ ತಪ್ಪಾಗಲಾರದು. ಹಿಲ್ಬರ್ಟ್ ಮಾತ್ರ ಸೋಲೊಪ್ಪಲಿಲ್ಲ. ಬೆರ್ನೈಸನೊಡನೆ ರಚಿಸಿದ ಗ್ರಂಥದ 1934ರ ಮುನ್ನುಡಿಯಲ್ಲಿ, ಕಾರ್ಯಕ್ರಮ ಮುರಿದುಬಿದ್ದಿಲ್ಲ, ಉಪಕರಣವನ್ನು ಇನ್ನಷ್ಟು ಹರಿತಗೊಳಿಸಬೇಕು ಎಂದನು. 1936ರಲ್ಲಿ ಗೆಂಟ್ಸೆನ್ ಅಂಕಗಣಿತದ ಅವಿರೋಧವನ್ನು ಸಾಧಿಸಿಯೂ ತೋರಿಸಿದನು. ಆದರೆ ಅದಕ್ಕೆ ಅವನು ಹಿಡಿದ ಊರುಗೋಲು ಆ ಅಂಕಗಣಿತದಲ್ಲಿ ಸಿಗುವುದಕ್ಕಿಂತ ಉದ್ದವಾದುದು.

ಅಲ್ಲಿಂದ ಮುಂದೆ ಪದದ ಬಳಕೆ ಎರಡಾಗಿ ಕವಲೊಡೆಯಿತು. ಸಂಕುಚಿತಾರ್ಥದಲ್ಲಿ ಅದು ಹಿಲ್ಬರ್ಟನ ಮಿತವಾದ ವಿಧಾನ. ಅವನೇ ಇಟ್ಟ ಇನ್ನೊಂದು ಹೆಸರು 'ಸಾಧನಾಸಿದ್ಧಾಂತ'. ವಿಸ್ತೃತಾರ್ಥ ವಾರ್ಸಾದಲ್ಲಿ ಬೆಳೆಯಿತು. ಅಲ್ಲಿಯ ಆಲ್ಫ್ರೆಡ್ ಟಾರ್ಸ್ಕಿಗೆ ಅನಂತದ ಹೆದರಿಕೆ ಇರಲಿಲ್ಲ. ಯಾವುದಾದರೊಂದು ಗಣಿತಶಾಸ್ತ್ರವನ್ನೇ ವಿಷಯವಾಗಿಟ್ಟುಕೊಂಡು, ಬೇಕಾದ ಗಣಿತೋಪಾಯಗಳನ್ನೆಲ್ಲ ಬಳಸಿ ವಿಚಾರಿಸುವುದು ಅವನಿಗೆ ಮೆಟಾಮ್ಯಾಥಮ್ಯಾಟಿಕ್ಸ್. ಒಂದು ಭಾಷೆಯ ವಾಕ್ಯಗಳ ಸತ್ಯವನ್ನು ಆ ಭಾಷೆಯಲ್ಲಿಯೇ ಲಕ್ಷಣಿಸಲಾಗದು, ಅದಕ್ಕಿಂತ ಸಮೃದ್ಧವಾದ ಮೇಲಿನ ಭಾಷೆಯೊಂದು ಬೇಕೆಂದು 1933ರ ತನ್ನ ಪ್ರಬಂಧದಲ್ಲಿ ಅವನು ತೋರಿಸಿದನು.

ಈ ಪದವನ್ನು ಬಳಸಿ ಬೆಳೆಸಿದವರನ್ನು ಕಾಲ ಸುಮ್ಮನೆ ಬಿಡಲಿಲ್ಲ. ಯೆಹೂದಿ ಮೂಲದವನೆಂದು ಬೆರ್ನೈಸನನ್ನು 1933ರಲ್ಲಿ ಗಾಟಿಂಗನ್ನಿನಿಂದ ಹೊರಹಾಕಿದರು. ಗ್ರಂಥದ ಎರಡನೆಯ ಸಂಪುಟ 1939ರಲ್ಲಿ ಹೊರಬಂದಾಗ ಅವನಿದ್ದುದು ಜ್ಯೂರಿಕ್ಕಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸಮ್ಮೇಳನಕ್ಕೆಂದು ಅಮೆರಿಕಕ್ಕೆ ಹಡಗು ಹತ್ತಿದ ಟಾರ್ಸ್ಕಿ, ಯುದ್ಧ ಮೊದಲಾಗಿ ಅಲ್ಲಿಯೇ ಉಳಿದನು. ಹೆಂಡತಿ ಮಕ್ಕಳನ್ನು ಮತ್ತೆ ಕಂಡದ್ದು 1946ರಲ್ಲಿ. ಪ್ರೆಸ್‌ಬರ್ಗರ್ ನಾಜಿಗಳ ಯೆಹೂದಿ ಹತ್ಯೆಗೆ ಬಲಿಯಾದನು. ಪದ ಅಟ್ಲಾಂಟಿಕ್ ದಾಟಿತು. 1952ರಲ್ಲಿ ಅಮೆರಿಕದ ಕ್ಲೀನಿ ಬರೆದ ಪ್ರವೇಶಗ್ರಂಥ ಅದನ್ನು ಶೀರ್ಷಿಕೆಯಲ್ಲಿ ಹೊತ್ತು ಒಂದು ತಲೆಮಾರಿನ ಪಠ್ಯವಾಯಿತು. 1963ರಲ್ಲಿ ಪೋಲೆಂಡಿನ ಹೆಲೆನಾ ರಸಿಯೋವಾ ಮತ್ತು ರೋಮನ್ ಸಿಕೋರ್ಸ್ಕಿ ಬರೆದ ಗ್ರಂಥದ ಹೆಸರನ್ನಂತೂ ಕನ್ನಡದಲ್ಲಿ 'ಅಧಿಗಣಿತದ ಗಣಿತ' ಎನ್ನಬೇಕು. ಮೇಲಂತಸ್ತು ಮತ್ತೆ ಕೆಳಂತಸ್ತಾಯಿತು ಎಂಬುದನ್ನು ಆ ಹೆಸರೇ ಸಾರುತ್ತದೆ.

ಇಂದು ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಯ ಬಹುಭಾಗ 'ಗಣಿತೀಯ ತರ್ಕ' ಎಂಬ ಹೆಸರಿನಲ್ಲಿ ನಡೆಯುತ್ತದೆ. ಹಿಲ್ಬರ್ಟನ ಪದಕ್ಕೆ ಸ್ವಲ್ಪ ಹಳಮೆಯ ಬಣ್ಣ ಬಂದಿದೆ. ಆದರೆ ಅವನ ಎರಡು ಅಂತಸ್ತುಗಳು ಅನಿರೀಕ್ಷಿತವಾದ ಕಡೆ ಫಲಿಸಿವೆ. ಗಣಿತದ ಪ್ರಶ್ನೆಗಳನ್ನೆಲ್ಲ ಯಾಂತ್ರಿಕವಾಗಿ ತೀರ್ಮಾನಿಸಬಹುದೆ ಎಂದು ಅವನು ಕೇಳಿದ್ದನಷ್ಟೆ. ಆಗದೆಂದು ಸಾಧಿಸಲು 1936ರಲ್ಲಿ ಟ್ಯೂರಿಂಗ್ ಕಲ್ಪಿಸಿಕೊಂಡ ಯಂತ್ರವೇ ಕಂಪ್ಯೂಟರಿನ ಸಿದ್ಧಾಂತಕ್ಕೆ ಬೀಜವಾಯಿತು. ಅರ್ಥವನ್ನು ಕೇಳದೆ ಚಿಹ್ನೆಗಳ ಸಾಲುಗಳನ್ನು ಮಾತ್ರ ಪರೀಕ್ಷಿಸುವ ಕೆಲಸವನ್ನು ಈಗ ಯಂತ್ರಗಳು ಮಾಡುತ್ತವೆ. ಭೂಪಟಕ್ಕೆ ನಾಲ್ಕು ಬಣ್ಣ ಸಾಕೆಂಬ ಪ್ರಮೇಯದ ಸಾಧನೆಯನ್ನು 2005ರಲ್ಲಿ ಗೋಂತಿಯೇ ಹಾಗೆ ಅಕ್ಷರಶಃ ಪರೀಕ್ಷೆಗೊಡ್ಡಿದನು. 'ಮೆಟಾ' ಎಂಬ ಉಪಸರ್ಗವಂತೂ ಕಥೆಯನ್ನು ಕುರಿತ ಕಥೆಗೂ, ಮಾಹಿತಿಯನ್ನು ಕುರಿತ ಮಾಹಿತಿಗೂ ಅಂಟಿಕೊಂಡು, 2021ರಲ್ಲಿ ಒಂದು ವ್ಯಾಪಾರಿ ಸಂಸ್ಥೆಯ ಹೆಸರೂ ಆಯಿತು.

ಇಷ್ಟು ಹೊತ್ತು ನಾನು 'ಅಧಿಗಣಿತ' ಎಂಬ ಮಾತನ್ನು ನಡುನಡುವೆ ಬಳಸಿದ್ದೇನೆ; ಅದಕ್ಕೆ ಕಾರಣ ಹೇಳಬೇಕು. 'ಅನುಗಣಿತ' ಎಂದರೆ ಆಂಡ್ರೊನಿಕಸನ ಕಪಾಟಿಗೆ ಹಿಂದಿರುಗಿದಂತೆ. 'ಅತಿಗಣಿತ' ಎಂದರೆ ಹೆಲ್ಮ್‌ಹೋಲ್ಟ್ಸನ ಕಾಲದ ನಗೆಗೆ. 'ಅಧಿ' ಎಂಬುದಕ್ಕಾದರೋ 'ಕುರಿತು' ಎಂಬ ಅರ್ಥವಿದೆ; 'ಅಧಿಕೃತ್ಯ' ಎಂದರೆ ವಿಷಯವಾಗಿಟ್ಟುಕೊಂಡು, ಅಧ್ಯಾತ್ಮವೆಂದರೆ ಆತ್ಮವನ್ನು ಕುರಿತದ್ದು. ಹಿಲ್ಬರ್ಟ್ ಬಯಸಿದ ಅರ್ಥ ಇದೇ. ಆದರೆ ಇದೇ ಉಪಸರ್ಗ ಅಧಿಪತಿಯಲ್ಲಿಯೂ ಅಧಿಕಾರದಲ್ಲಿಯೂ ಇದೆ. ಗಣಿತದ ಮೇಲೆ ಒಡೆತನ ನಡೆಸಿ, ಅದು ನಿರ್ದೋಷಿಯೆಂದು ಕೊನೆಯ ತೀರ್ಪು ಕೊಡುವ ಅಧಿಪತಿಯೊಬ್ಬ ಸಿಕ್ಕಾನೆಂಬುದು ಅವನ ಆಸೆಯಾಗಿತ್ತು. ಆ ಆಸೆ ಅವನು ಬಯಸಿದ ರೂಪದಲ್ಲಿ ಈಡೇರಲಿಲ್ಲ. ಅವನು ಬಾನುಲಿಯಲ್ಲಿ ಆಡಿದ ಕೊನೆಯ ಮಾತನ್ನು ಗಾಟಿಂಗನ್ನಿನಲ್ಲಿ ಅವನ ಸಮಾಧಿಶಿಲೆಯ ಮೇಲೆ ಕೆತ್ತಿದ್ದಾರೆ. ತಿಳಿಯುತ್ತೇವೆ ಎಂಬ ಆ ಮಾತನ್ನು ಗೋಡೆಲ್ ಸುಳ್ಳು ಮಾಡಿದನೆಂದು ನಾನು ಭಾವಿಸುವುದಿಲ್ಲ. ತನ್ನ ಮಿತಿ ಎಲ್ಲಿದೆಯೆಂದು ಗಣಿತ ತಿಳಿದುಕೊಂಡಿತು. ಅದೂ ಊಹೆಯಿಂದಲ್ಲ, ಉಪದೇಶದಿಂದಲ್ಲ, ಸಾಧನೆಯಿಂದ. ಹಾಗೆ ತಿಳಿಯಲು ಬೇಕಾದ ಉಪಕರಣವನ್ನೂ ಅದರ ಹೆಸರನ್ನೂ ಕೊಟ್ಟವನು ಹಿಲ್ಬರ್ಟನೇ.